ವಾರದ ರಜೆಗೆ ಗುಡ್ಡದ ದಾರಿ: ಪುಣೆಯ ಸುತ್ತಣ ಸೈಕಲ್ ಹಾದಿಗಳಲ್ಲಿ ಯಾರಿಗೆ ಯಾವುದು?

ಒಂದು ಕಾಲಕ್ಕೆ ಪುಣೆಗೆ ‘ಸೈಕಲ್ಲುಗಳ ಶಹರ’ ಎಂಬ ಹೆಸರಿತ್ತು. ಕಾಲೇಜಿನ ಪ್ರಾಧ್ಯಾಪಕರು, ಪೇಟೆಯ ವಕೀಲರು, ಹಾಲು ಹಾಕುವವರು, ಖಡಕಿಯ ಮದ್ದುಗುಂಡು ಕಾರ್ಖಾನೆಗೆ ಪಾಳಿಯ ಮೇಲೆ ಹೋಗುವ ಕಾರ್ಮಿಕರು, ಎಲ್ಲರೂ ಸೈಕಲ್ಲಿನ ಮೇಲೆಯೇ ಓಡಾಡುತ್ತಿದ್ದರು. ನಮ್ಮ ಕನ್ನಡ ಹೊಟೇಲುಗಳ ಅಂಗಳದಲ್ಲಿಯೂ ಗಿರಾಕಿಗಳ ಸೈಕಲ್ಲುಗಳು ಸಾಲಾಗಿ ನಿಂತಿರುತ್ತಿದ್ದವು. ಮುಂದೆ ಈ ನಗರದ ಕಾರ್ಖಾನೆಗಳೇ ಸ್ಕೂಟರನ್ನು ಮನೆಮನೆಗೆ ಮುಟ್ಟಿಸಿದವು. 1972ರಲ್ಲಿ ಬಜಾಜ್ ಕಂಪನಿಯ ಚೇತಕ್ ಬಂತು. ಅದೇ ವರ್ಷ ಕೈನೆಟಿಕ್ ಕಂಪನಿಯ ಲೂನಾ ಬಂತು. ಕಾಲಿನ ಕೆಲಸವನ್ನು ಯಂತ್ರವು ವಹಿಸಿಕೊಂಡಿತು. ಸೈಕಲ್ಲು ಬಡವನ ಗುರುತಾಗಿ ಬೀದಿಯ ಅಂಚಿಗೆ ಸರಿಯಿತು.

ಈಗ ಅದೇ ಸೈಕಲ್ಲು ಬೇರೆ ವೇಷದಲ್ಲಿ ಮರಳಿ ಬಂದಿದೆ. ದಪ್ಪ ಟೈರು, ಮುಂದಿನ ಚಕ್ರಕ್ಕೆ ಸ್ಪ್ರಿಂಗು, ಹತ್ತಾರು ಗೇರು, ತಲೆಗೆ ಶಿರಸ್ತ್ರಾಣ. ಬೆಳಗಿನ ಜಾವ ವೇತಾಳ ಗುಡ್ಡದ ಕಡೆಗೂ ಸಿಂಹಗಡದ ಕಡೆಗೂ ಗುಂಪುಗುಂಪಾಗಿ ಹೋಗುವ ಈ ಸವಾರರನ್ನು ನಮ್ಮ ವಾಚಕರು ನೋಡದೆ ಇರಲಾರರು. ಅವರಲ್ಲಿ ಕೆಲವರ ಸೈಕಲ್ಲಿನ ಬೆಲೆ ಲಕ್ಷ ರೂಪಾಯಿಗಳನ್ನು ದಾಟುತ್ತದೆ. ಹೀಗಾಗಿ, ಇದು ಹಣವಂತರ ವಿನೋದ, ತಟ್ಟೆ ಎತ್ತುವವನಿಗೂ ಲೆಕ್ಕ ಬರೆಯುವವನಿಗೂ ಇದರಿಂದೇನು ಎಂಬ ಭಾವನೆ ನಮ್ಮವರಲ್ಲಿ ಬೆಳೆದಿದೆ. ಈ ಭಾವನೆ ಸರಿಯಲ್ಲವೆಂದು ತೋರಿಸುವುದು ಈ ಲೇಖನದ ಉದ್ದೇಶ. ಪುಣೆಯ ಗುಡ್ಡಗಳು ದುಡಿಯುವವನಿಗೂ ಎಟಕುತ್ತವೆ. ಆದರೆ ಮೆಟ್ಟಿಲು ಮೆಟ್ಟಿಲಾಗಿ ಏರಿದವನಿಗೆ ಮಾತ್ರ. ಮೆಟ್ಟಿಲು ಹಾರಿದರೆ ಅದರ ಬೆಲೆಯನ್ನು ಹಣವಂತನಿಗಿಂತ ದುಡಿಯುವವನೇ ಹೆಚ್ಚು ತೆರಬೇಕಾಗುತ್ತದೆ.

ಕೈಯೇ ಬಂಡವಾಳ

ದೋಸೆಕಲ್ಲಿನ ಮುಂದೆ ನಿಂತು ಸಂಪಾದಿಸುವ, ನಮಗೆ ಪರಿಚಿತನಾದ, ಕುಂದಾಪುರದ ಕಡೆಯ ಯುವಕನೊಬ್ಬನ ಸಂಗತಿಯನ್ನು ಇಲ್ಲಿ ಹೇಳಬೇಕು. ಗೆಳೆಯನ ಗೇರಿನ ಸೈಕಲ್ಲನ್ನು ಒಂದು ದಿನದ ಮಟ್ಟಿಗೆ ಪಡೆದು, ಅದಕ್ಕೆ ಮೊದಲು ಒಮ್ಮೆಯೂ ಮಣ್ಣುದಾರಿಯಲ್ಲಿ ಇಳಿದು ಗೊತ್ತಿಲ್ಲದವನು, ನೇರವಾಗಿ ವೇತಾಳ ಗುಡ್ಡವನ್ನೇರಿ ಪಾಷಾಣದ ಕಡೆಗೆ ಇಳಿಯತೊಡಗಿದನು. ಉದುರು ಗರಸಿನ ಮೇಲೆ ಮುಂದಿನ ಬ್ರೇಕನ್ನು ಒಮ್ಮೆಲೇ ಹಿಡಿದನು. ಚಕ್ರ ಜಾರಿತು, ಬಿದ್ದವನು ಕೈಯೂರಿದನು, ಮಣಿಕಟ್ಟಿನ ಎಲುಬು ಮುರಿಯಿತು. ಆರು ವಾರ ಪ್ಲಾಸ್ಟರು. ಆರು ವಾರ ದೋಸೆಕಲ್ಲು ಬೇರೆಯವನ ಕೈಯಲ್ಲಿ. ಊರಿನಲ್ಲಿ ತಂಗಿಯ ಶಾಲೆಯ ಶುಲ್ಕಕ್ಕೆಂದು ಕಳುಹಿಸಬೇಕಾಗಿದ್ದ ಹಣ ಹೋಗಲಿಲ್ಲ.

ಬ್ಯಾಂಕಿನ ಅಧಿಕಾರಿಯೊಬ್ಬನು ಹೀಗೆ ಬಿದ್ದರೆ ಸಂಬಳದ ರಜೆ ಪಡೆದು ಮನೆಯಲ್ಲಿ ಕೂಡುವನು. ನಮ್ಮ ಹುಡುಗನಿಗೆ ಆ ಅನುಕೂಲವಿಲ್ಲ. ಅವನ ಕೈಯೇ ಅವನ ಬಂಡವಾಳ. ಆದುದರಿಂದ ‘ಯಾವ ದಾರಿ ಯಾರಿಗೆ’ ಎಂಬ ವಿಚಾರವು ಹವ್ಯಾಸಿಗಳ ಹರಟೆಯಾಗಿ ಇತರರಿಗೆ ತೋರಿದರೂ ನಮ್ಮವರಿಗೆ ಅದು ಅನ್ನದ ವಿಚಾರ.

ಹಾಗಾದರೆ ಈ ಗೊಡವೆಯೇ ಬೇಡವೆಂದು ಕೆಲವರು ಹೇಳಬಹುದು. ನಾವು ಹಾಗೆ ಹೇಳಲಾರೆವು. ಹೊಟೇಲಿನ ದುಡಿಮೆ ನಿಲ್ಲುವ ದುಡಿಮೆ. ಗುಮಾಸ್ತನದು ಕೂಡುವ ದುಡಿಮೆ. ಎರಡರಲ್ಲಿಯೂ ಕಾಲಿನ ಮೀನಖಂಡಕ್ಕೆ ಕೆಲಸವಿಲ್ಲ. ನಡೆಯುವಾಗ, ಪೆಡಲು ತುಳಿಯುವಾಗ, ಈ ಮೀನಖಂಡವು ಹಿಂಡಿಹಿಂಡಿ ರಕ್ತವನ್ನು ಹೃದಯದ ಕಡೆಗೆ ಮೇಲೆ ಕಳುಹಿಸುತ್ತದೆ. ತಾಸುಗಟ್ಟಲೆ ಅಲುಗದೆ ನಿಂತವನ ಕಾಲಿನಲ್ಲಿ ರಕ್ತ ತಂಗುತ್ತದೆ, ಪಾದ ಬಾಯುತ್ತದೆ, ವರ್ಷಗಳು ಕಳೆದಂತೆ ನರಗಳು ಗಂಟುಗಟ್ಟಿ ಉಬ್ಬುತ್ತವೆ. ನಮ್ಮ ಹಳೆಯ ಅಡಿಗೆಯವರ ಕಾಲುಗಳನ್ನು ನೋಡಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ವಯಸ್ಕನೊಬ್ಬನಿಗೆ ವಾರಕ್ಕೆ 150ರಿಂದ 300 ನಿಮಿಷಗಳ ಸಾಧಾರಣ ವ್ಯಾಯಾಮ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಒಂದು ಮುಂಜಾನೆಯ ಸವಾರಿಯಲ್ಲಿ ಇದರ ಬಹುಭಾಗ ಸಂದುಹೋಗುತ್ತದೆ.

ಗುಜರಿಯಿಂದ ಹುಟ್ಟಿದ ಆಟ

ಗುಡ್ಡದ ಸೈಕಲ್ಲು ಹಣವಂತರ ಮನೆಯಲ್ಲಿ ಹುಟ್ಟಿದುದಲ್ಲವೆಂಬುದನ್ನೂ ವಾಚಕರು ತಿಳಿದಿರಬೇಕು. ಅಮೆರಿಕದ ಕ್ಯಾಲಿಫೋರ್ನಿಯಾ ಪ್ರಾಂತದ ಮರಿನ್ ಎಂಬ ಸೀಮೆಯಲ್ಲಿ, 1970ರ ದಶಕದಲ್ಲಿ, ಕೆಲವು ಯುವಕರು 1930–40ರ ಸುಮಾರಿನ ಹಳೆಯ ದಪ್ಪ ಟೈರಿನ ಸೈಕಲ್ಲುಗಳನ್ನು ಗುಜರಿಯಿಂದ ತಂದು, ಟಮಾಲ್ಪೈಸ್ ಪರ್ವತದ ಸುತ್ತಿನ ಗುಡ್ಡಗಳ ಮಣ್ಣುದಾರಿಗಳಲ್ಲಿ ಇಳಿಸತೊಡಗಿದರು. 1976ರಲ್ಲಿ ಅಲ್ಲಿಯ ಒಂದು ಕಡಿದಾದ ಇಳಿಜಾರಿನಲ್ಲಿ ಪಂದ್ಯಗಳು ಪ್ರಾರಂಭವಾದವು. ಆ ಸೈಕಲ್ಲುಗಳ ಬ್ರೇಕು ಹಿಂದಿನ ಚಕ್ರದ ಗುಂಬದೊಳಗಿರುತ್ತಿತ್ತು. ಒಂದು ಸಲ ಇಳಿಯುವಷ್ಟರಲ್ಲಿ ಅದರ ಗ್ರೀಸು ಕಾದು ಹೊಗೆಯಾಗಿ ಹೋಗಿ, ಮತ್ತೆ ಗ್ರೀಸು ತುಂಬಬೇಕಾಗುತ್ತಿತ್ತು. ಆ ಇಳಿಜಾರಿಗೆ ‘ರೀಪ್ಯಾಕ್’, ಅಂದರೆ ಮರುತುಂಬುವಿಕೆ, ಎಂದೇ ಹೆಸರಾಯಿತು. ಗ್ಯಾರಿ ಫಿಶರ್, ಜೋ ಬ್ರೀಜ್, ಚಾರ್ಲಿ ಕೆಲ್ಲಿ, ಟಾಮ್ ರಿಚಿ ಮೊದಲಾದವರ ಪ್ರಯತ್ನದಿಂದ ಆ ಗುಜರಿಯ ಸೈಕಲ್ಲೇ ಹೊಸ ಜಾತಿಯ ವಾಹನವಾಗಿ, 1996ರ ಅಟ್ಲಾಂಟಾ ಒಲಿಂಪಿಕ್ಸಿನಲ್ಲಿ ಸ್ಪರ್ಧೆಯ ಸ್ಥಾನ ಪಡೆಯಿತು. ಇಪ್ಪತ್ತೇ ವರ್ಷಗಳಲ್ಲಿ ಆದ ಮಾತಿದು.

ನಮ್ಮ ನಾಡಿನವರಿಗೂ ಈ ವಿದ್ಯೆ ಹೊಸದಲ್ಲ. ವಿಜಯಪುರ, ಬಾಗಲಕೋಟೆಗಳ ಬಿಸಿಲು ರಸ್ತೆಗಳಲ್ಲಿ ಬೆಳೆದ ರೈತರ ಮಕ್ಕಳು ದೇಶದ ಸೈಕಲ್ ಸ್ಪರ್ಧೆಗಳಲ್ಲಿ ಕರ್ನಾಟಕಕ್ಕೆ ಹೆಸರು ತಂದಿದ್ದಾರೆ. ಇಲ್ಲಿ ಪುಣೆಯಲ್ಲಿಯೂ ಮುಂಬಯಿ–ಪುಣೆ ಸ್ಪರ್ಧೆಯ ಪರಂಪರೆಯಿದೆ. ಬೋರ್ ಘಾಟಿಯನ್ನು ಎಲ್ಲರಿಗಿಂತ ಮೊದಲು ಏರಿದವನಿಗೆ ‘ಘಾಟಾಚಾ ರಾಜಾ’ ಎಂಬ ಬಿರುದು ಕೊಡುವುದುಂಟು.

ಗೇರಿನ ಲೆಕ್ಕ

ನಮ್ಮ ಗುಮಾಸ್ತ ಮಿತ್ರರಿಗೆ ಅಂಕೆಗಳಲ್ಲಿ ಹೇಳಿದರೆ ಈ ವಿಷಯ ಬೇಗ ಮನದಟ್ಟಾದೀತು. ಸಾಧಾರಣ ಕರಿಯ ಸೈಕಲ್ಲಿನಲ್ಲಿ ಮುಂದಿನ ಹಲ್ಲುಚಕ್ರಕ್ಕೆ 44 ಹಲ್ಲು, ಹಿಂದಿನದಕ್ಕೆ 18 ಹಲ್ಲು ಇವೆಯೆಂದು ಹಿಡಿಯಿರಿ. ಪೆಡಲು ಒಂದು ಸುತ್ತು ತಿರುಗಿದರೆ ಗಾಲಿ ಎರಡೂವರೆ ಸುತ್ತಿನ ಹತ್ತಿರ ತಿರುಗಿ, ಸೈಕಲ್ಲು ಸುಮಾರು 5.4 ಮೀಟರು ಮುಂದೆ ಹೋಗುತ್ತದೆ. ಗೇರಿನ ಸೈಕಲ್ಲಿನಲ್ಲಿ ಮುಂದೆ 24, ಹಿಂದೆ 34 ಹಲ್ಲಿನ ಜೋಡಿ ಹಾಕಿದರೆ ಒಂದು ಸುತ್ತಿಗೆ ಸುಮಾರು ಒಂದೂವರೆ ಮೀಟರು ಮಾತ್ರ ಹೋಗುತ್ತದೆ. ಒಂದೊಂದು ತುಳಿತಕ್ಕೆ ಬೇಕಾಗುವ ಬಲ ಮೂರನೆಯ ಒಂದಂಶಕ್ಕಿಂತಲೂ ಕಡಿಮೆಯಾಯಿತು. ಆದರೆ ತುಳಿತಗಳ ಸಂಖ್ಯೆ ಮೂರೂವರೆ ಪಟ್ಟಾಯಿತು. ಸಿಂಹಗಡದ 9 ಕಿಲೋಮೀಟರು ಏರಿಗೆ ಕರಿಯ ಸೈಕಲ್ಲಿನಲ್ಲಿ 1,700 ಸುತ್ತು ಸಾಕು, ಈ ಗೇರಿನಲ್ಲಿ 6,000 ಸುತ್ತು ಬೇಕು. ಗೇರು ಪುಕ್ಕಟೆಯಾಗಿ ಏನನ್ನೂ ಕೊಡುವುದಿಲ್ಲ. ಒಮ್ಮೆಲೇ ತೀರಿಸಲಾಗದ ಸಾಲವನ್ನು ಚಿಕ್ಕ ಚಿಕ್ಕ ಕಂತುಗಳಾಗಿ ಒಡೆದುಕೊಡುತ್ತದೆ, ಅಷ್ಟೆ.

ಇದರಿಂದ ತಿಳಿಯಬೇಕಾದುದೇನೆಂದರೆ, ಮೊದಲೆರಡು ಮೆಟ್ಟಿಲುಗಳಿಗೆ ಗೇರು ಅವಶ್ಯವಿಲ್ಲ. ಬ್ರೇಕು ಮತ್ತು ಟೈರು ಗಟ್ಟಿಯಾಗಿರುವ ಯಾವ ಸೈಕಲ್ಲಾದರೂ ನಡೆಯುತ್ತದೆ. ಮೂರನೆಯದರಿಂದ ಮೇಲೆ ಗೇರು ಬೇಕು. ನಾಲ್ವರು ಕೂಡಿ ಸೆಕೆಂಡ್‌ಹ್ಯಾಂಡ್ ಗೇರಿನ ಸೈಕಲ್ಲೊಂದನ್ನು ಕೊಂಡು, ತಮ್ಮ ತಮ್ಮ ರಜೆಯ ದಿನ ಸರದಿಯಂತೆ ಬಳಸಬಹುದು. ಹೊಟೇಲಿನಲ್ಲಿ ಎಲ್ಲರ ರಜೆಯೂ ಒಂದೇ ದಿನ ಬೀಳದಿರುವುದು ಈ ಒಂದು ವಿಷಯದಲ್ಲಿ ಅನುಕೂಲವೇ ಆಯಿತು.

ಮೊದಲನೆಯ ಮೆಟ್ಟಿಲು: ಸಮದಾರಿ

ಹೊಸಬನು ಗುಡ್ಡದ ಹೆಸರೆತ್ತದೆ, ಮೊದಲು ಡಾಂಬರಿನ ಸಮರಸ್ತೆಯಲ್ಲಿ ದೂರವನ್ನು ರೂಢಿಸಿಕೊಳ್ಳಬೇಕು. ಹತ್ತಿರದಲ್ಲಿ ಬೇಕೆನ್ನುವವರಿಗೆ ಪಾಷಾಣ ಕೆರೆಯ ಕಡೆಗೆ ಹೋಗಿಬರುವುದು ಸಾಕು. ಇನ್ನೂ ಮುಂದೆ ಹೋಗಬಯಸುವವರು ಇಂದ್ರಾಯಣಿಯ ದಂಡೆಯ ಆಳಂದಿಗೆ ಹೋಗಬಹುದು. ನಗರದ ಮಧ್ಯದಿಂದ ಸುಮಾರು 25 ಕಿಲೋಮೀಟರು. ಜ್ಞಾನೇಶ್ವರರ ಸಮಾಧಿಯ ದರ್ಶನವೂ ಆದಂತಾಯಿತು. ಸಿಂಹಗಡ ರಸ್ತೆಯಿಂದ ಖಡಕವಾಸಲಾ ಆಣೆಕಟ್ಟಿಗೆ ಸ್ವಾರಗೇಟಿನಿಂದ ಸುಮಾರು 20 ಕಿಲೋಮೀಟರು. ಪುಣೆಯ ನಲ್ಲಿಗಳಿಗೆ ನೀರು ಕೊಡುವ ಈ ಆಣೆಕಟ್ಟು 19ನೆಯ ಶತಮಾನದ್ದು. 1961ರ ಜುಲೈ 12ರಂದು ಮೇಲಿನ ಪಾನಶೇತ ಆಣೆಕಟ್ಟು ಒಡೆದಾಗ ಇದೂ ಬಿರಿದು, ಮುಠಾ ನದಿ ಪೇಟೆಗಳನ್ನು ನುಗ್ಗಿದ ಕಥೆಯನ್ನು ಇಲ್ಲಿಯ ಹಳಬರು ಮಕ್ಕಳಿಗೆ ಹೇಳಿಹೋಗಿದ್ದಾರೆ.

ಈ ರಸ್ತೆಗಳಲ್ಲಿ ಏರಿನ ಭಯವಿಲ್ಲ, ವಾಹನಗಳ ಭಯವಿದೆ. ಬೆಳಕು ಹರಿಯುವ ಹೊತ್ತಿಗೆ ಹೊರಟು, ಎಂಟು ಗಂಟೆಯೊಳಗೆ ಮರಳಬೇಕು. ನಸುಕಿನಲ್ಲಿ ಹಿಂದೆ ಕೆಂಪು ದೀಪ, ಮುಂದೆ ಬಿಳಿಯ ದೀಪ ಕಡ್ಡಾಯವೆಂದು ತಿಳಿಯಿರಿ. ಸೀಟಿನ ಎತ್ತರವನ್ನು ಸರಿಮಾಡಿಕೊಳ್ಳಿರಿ: ಸೀಟಿನ ಮೇಲೆ ಕುಳಿತು, ಕೆಳಗಿನ ಪೆಡಲಿನ ಮೇಲೆ ಹಿಮ್ಮಡಿಯನ್ನಿಟ್ಟರೆ ಕಾಲು ನೆಟ್ಟಗಾಗಬೇಕು. ಸೀಟು ತಗ್ಗಾಗಿದ್ದರೆ ಮೊಣಕಾಲು ನೋಯುವುದು ಖಂಡಿತ. ಖಡಕವಾಸಲಾಕ್ಕೆ ಹೋಗಿಬಂದು, ಮರುದಿನದ ಪಾಳಿಯಲ್ಲಿ ಮೈಕೈ ನೋವಿಲ್ಲದೆ ದುಡಿಯಬಲ್ಲವನು ಮೊದಲನೆಯ ಮೆಟ್ಟಿಲನ್ನು ದಾಟಿದನೆಂದು ತಿಳಿಯಬೇಕು.

ಎರಡನೆಯ ಮೆಟ್ಟಿಲು: ಅಗಲವಾದ ಮಣ್ಣುದಾರಿ

ಪುಣೆಯ ಭಾಗ್ಯವೆಂದರೆ ನಗರದ ನಡುವೆಯೇ ಗುಡ್ಡಗಳಿರುವುದು. ಫರ್ಗ್ಯುಸನ್ ಕಾಲೇಜು ರಸ್ತೆಯಲ್ಲಿ, ವೈಶಾಲಿ, ರೂಪಾಲಿಗಳಂತಹ ನಮ್ಮವರ ಹೆಸರಾಂತ ಉಪಾಹಾರಗೃಹಗಳಿರುವ ಅದೇ ರಸ್ತೆಯಲ್ಲಿ, ನಿಂತು ಪಶ್ಚಿಮಕ್ಕೆ ನೋಡಿದರೆ ಕಾಲೇಜಿನ ಹಿಂದೆ ಗುಡ್ಡದ ಸಾಲು ಕಾಣುತ್ತದೆ. ಆ ಸಾಲಿನ ತುದಿಯೇ ವೇತಾಳ ಗುಡ್ಡ. ಸಮುದ್ರಮಟ್ಟದಿಂದ ಸುಮಾರು 800 ಮೀಟರು ಎತ್ತರ. ನಗರದ ನೆಲಕ್ಕಿಂತ ಸುಮಾರು 240 ಮೀಟರು ಮೇಲೆ. ಅದರ ನೆತ್ತಿಯ ಮೇಲೆ ವೇತಾಳನ ಗುಡಿ, ಅರಣ್ಯ ಇಲಾಖೆ ನೆಟ್ಟ ಗ್ಲಿರಿಸಿಡಿಯಾ ಗಿಡಗಳ ತೋಪು, ಕಲ್ಲು ತೆಗೆದು ಬಿಟ್ಟ ಹಳೆಯ ಗಣಿಯಲ್ಲಿ ನಿಂತ ನೀರು.

ವಾಹನ ಸಂಶೋಧನ ಸಂಸ್ಥೆಯ ಕಡೆಯ ರಸ್ತೆಯಿಂದ ಏರಿ, ಗುಡಿಯವರೆಗೆ ಹೋಗುವ ಅಗಲವಾದ ಮಣ್ಣುದಾರಿಯೇ ಎರಡನೆಯ ಮೆಟ್ಟಿಲಿನ ಪಾಠಶಾಲೆ. ಮಣ್ಣಿನ ಮೇಲೆ ಚಕ್ರ ಹೇಗೆ ವರ್ತಿಸುತ್ತದೆಂಬುದನ್ನು ಇಲ್ಲಿ ಕಲಿಯಬೇಕು. ನಮ್ಮ ಉತ್ತರ ಕರ್ನಾಟಕದವರು ಗರಸು ಎನ್ನುವ, ಇಲ್ಲಿಯವರು ಮುರೂಮ್ ಎನ್ನುವ ಒಡಕು ಕಲ್ಲಿನ ಮಣ್ಣು ಒಣಗಿದಾಗ ಗುಂಡುಕಾಳಿನಂತೆ ಚಕ್ರದಡಿಯಲ್ಲಿ ಉರುಳುತ್ತದೆ. ಟೈರಿನ ಗಾಳಿಯನ್ನು ರಸ್ತೆಯಲ್ಲಿರುವುದಕ್ಕಿಂತ ತುಸು ಕಡಿಮೆಮಾಡಿದರೆ ಟೈರು ನೆಲವನ್ನು ಹೆಚ್ಚು ಅಪ್ಪಿ ಹಿಡಿಯುತ್ತದೆ. ಆದರೆ ತೀರ ಕಡಿಮೆಮಾಡಿದರೆ ಕಲ್ಲಿಗೆ ರಿಮ್ಮು ತಗುಲಿ ಟ್ಯೂಬು ಕತ್ತರಿಸುತ್ತದೆ. ಬಂದ ದಾರಿಯಲ್ಲಿಯೇ ಮರಳಿ ಇಳಿಯಬೇಕು. ಬೇರೆ ದಾರಿಗಳ ಆಶೆ ಈಗ ಬೇಡ. ಕಾಲನ್ನು ನೆಲಕ್ಕೆ ತಾಗಿಸದೆ ಈ ದಾರಿಯನ್ನು ಹೋಗಿಬರುವಷ್ಟು, ಬೇಕೆಂದ ಜಾಗದಲ್ಲಿ ಜಾರದೆ ನಿಲ್ಲುವಷ್ಟು ಹಿಡಿತ ಬಂದರೆ ಎರಡನೆಯ ಮೆಟ್ಟಿಲು ಮುಗಿಯಿತು. ನಾಲ್ಕೈದು ರಜೆಗಳಾದರೂ ಇದಕ್ಕೆ ಬೇಕು.

ಮೂರನೆಯ ಮೆಟ್ಟಿಲು: ಕಾಲುಹಾದಿ ಮತ್ತು ಚಿಕ್ಕ ಘಾಟಿ

ವೇತಾಳ ಗುಡ್ಡದಿಂದ ಪಾಷಾಣದ ಪಂಚವಟಿಯ ಕಡೆಗೂ, ಚತುಶ್ಶೃಂಗಿಯ ಕಡೆಗೂ ಇಳಿಯುವ ಕಿರಿದಾದ ಕಾಲುಹಾದಿಗಳು ಮೂರನೆಯ ಮೆಟ್ಟಿಲಿನವು. ನೆಲದಿಂದ ಎದ್ದ ಬಂಡೆ, ಮಳೆ ಕೊರೆದ ಕೊರಕಲು, ಹಠಾತ್ತನೆ ಬರುವ ತಿರುವು, ಇವುಗಳಿಂದ ಈ ಹಾದಿಗಳು ತುಂಬಿವೆ. ಹಿಂದೆ ಹೇಳಿದ ಯುವಕನು ಮೊದಲನೆಯ ದಿನವೇ ಇಳಿದುದು ಇಂತಹ ಹಾದಿಯಲ್ಲಿ.

ಇಳಿಯುವ ಕ್ರಮ ಹೀಗಿದೆ. ಸೀಟಿನಿಂದ ಏಳಬೇಕು, ಎರಡೂ ಪೆಡಲುಗಳನ್ನು ಸಮನಾಗಿಟ್ಟು ಅವುಗಳ ಮೇಲೆ ನಿಲ್ಲಬೇಕು, ಮೊಣಕೈ ಮೊಣಕಾಲುಗಳನ್ನು ಬಾಗಿಸಿ, ಮೈಭಾರವನ್ನು ಹಿಂದಕ್ಕೆ ಒಯ್ಯಬೇಕು. ದೃಷ್ಟಿ ಚಕ್ರದ ಮುಂದಿನ ಕಲ್ಲಿನ ಮೇಲಲ್ಲ, ನಾಲ್ಕಾರು ಮಾರು ಮುಂದಿನ ದಾರಿಯ ಮೇಲಿರಬೇಕು. ಮುಂದಿನ ಬ್ರೇಕಿಗೆ ನಿಲ್ಲಿಸುವ ಶಕ್ತಿ ಹೆಚ್ಚು. ಏಕೆಂದರೆ ಬ್ರೇಕು ಹಿಡಿದಾಗ ಭಾರವೆಲ್ಲ ಮುಂದಕ್ಕೆ ಬೀಳುತ್ತದೆ. ಅದನ್ನು ಹಿಂದಿನದರೊಡನೆ ಸೇರಿಸಿ, ಹಾಲನ್ನು ಬಗ್ಗಿಸುವಂತೆ ಮೆಲ್ಲಗೆ ಹಿಡಿಯಬೇಕು. ತಿರುವು ಬರುವ ಮೊದಲೇ, ಚಕ್ರ ನೆಟ್ಟಗಿರುವಾಗಲೇ, ವೇಗವನ್ನು ಇಳಿಸಬೇಕು. ತಿರುಗುತ್ತಿರುವಾಗ ಹಿಡಿದರೆ ಜಾರುವುದು ನಿಶ್ಚಿತ. ಮನಸ್ಸಿಗೆ ಅನುಮಾನವೆನಿಸಿದ ಕಡೆ ಇಳಿದು ಸೈಕಲ್ಲನ್ನು ನಡೆಸಿಕೊಂಡು ಹೋಗುವುದು ಲಜ್ಜೆಯ ಮಾತಲ್ಲ. ಮರಿನ್ ಗುಡ್ಡದ ಮೊದಲಿಗರೂ ಏರಿನಲ್ಲಿ ಎಷ್ಟೋ ಸಲ ಸೈಕಲ್ಲನ್ನು ದಬ್ಬಿಕೊಂಡೇ ಹೋದವರು.

ಡಾಂಬರಿನ ಏರನ್ನು ರೂಢಿಸಿಕೊಳ್ಳುವವರಿಗೆ ಇದೇ ಮೆಟ್ಟಿಲಿನಲ್ಲಿ ಕೋಂಢವಾದ ಆಚೆಯ ಬೋಪದೇವ ಘಾಟಿಯಿದೆ. ಅದನ್ನು ಏರಿ ಸಾಸವಡದ ದಿಕ್ಕಿಗೆ ಇಳಿಯಬಹುದು. ಹಡಪಸರದ ಕಡೆಯಿಂದ ಹೋಗುವ ದಿವೆ ಘಾಟಿ ಜ್ಞಾನೇಶ್ವರರ ಪಾಲಕಿ ಪ್ರತಿವರ್ಷ ಪಂಢರಪುರಕ್ಕೆ ಏರಿಹೋಗುವ ದಾರಿ. ಕೆಳಗೆ ಮಸ್ತಾನಿ ಕೆರೆ ಕಾಣುತ್ತದೆ. ಆದರೆ ಅಲ್ಲಿ ಲಾರಿಗಳ ಸಂಚಾರ ಹೆಚ್ಚಾದುದರಿಂದ ಬೋಪದೇವವೇ ಮೇಲೆಂದು ನಮ್ಮ ಸಲಹೆ. ಸಾಸವಡದಿಂದ ಇನ್ನೂ ಮುಂದೆ ಹೋದರೆ ಜೇಜುರಿ. ಅಲ್ಲಿಯ ಖಂಡೋಬನೇ ನಮ್ಮ ಮೈಲಾರಲಿಂಗನೆಂದು ನಂಬಿ, ಧಾರವಾಡ ಬೆಳಗಾವಿಯ ಕಡೆಯ ಎಷ್ಟೋ ಮನೆತನಗಳು ನಡೆದುಕೊಳ್ಳುತ್ತವೆ. ಆ ಹರಕೆಯಿದ್ದವರು ಇಡೀ ದಿನದ ರಜೆ ಇದ್ದಾಗ ಮಾತ್ರ ಹೊರಡತಕ್ಕದ್ದು.

ನಾಲ್ಕನೆಯ ಮೆಟ್ಟಿಲು: ಸಿಂಹಗಡ

ಪುಣೆಯ ಸೈಕಲ್ ಸವಾರನ ಪರೀಕ್ಷೆ ಸಿಂಹಗಡದಲ್ಲಿ. ಕೊಂಢಾಣಾ ಎಂಬ ಹಳೆಯ ಹೆಸರಿನ ಈ ಕೋಟೆ ವಿಜಯಪುರದ ಆದಿಲಶಾಹಿಯ ಕೈಯಲ್ಲಿತ್ತು. ಶಿವಾಜಿ ಮಹಾರಾಜರು ಅದನ್ನು ಪಡೆದು, 1665ರ ಪುರಂದರ ಒಪ್ಪಂದದಲ್ಲಿ ಮೊಗಲರಿಗೆ ಬಿಟ್ಟುಕೊಟ್ಟರು. 1670ರ ಫೆಬ್ರವರಿಯಲ್ಲಿ ತಾನಾಜಿ ಮಾಲುಸರೆಯು ತನ್ನ ಪ್ರಾಣವನ್ನು ಕೊಟ್ಟು ಗೆದ್ದುಕೊಟ್ಟನು. ಸಮುದ್ರಮಟ್ಟದಿಂದ 1,300 ಮೀಟರಿಗೂ ಮಿಕ್ಕಿದ ಎತ್ತರ. ನಗರದಿಂದ ಬುಡಕ್ಕೆ ಹೋಗುವುದೇ ಎರಡು ತಾಸಿನ ಮಾತು. ಅಲ್ಲಿಂದ ಮೋಟಾರು ರಸ್ತೆ ಸುಮಾರು 9 ಕಿಲೋಮೀಟರಿನಲ್ಲಿ ಸುಮಾರು 600 ಮೀಟರು ಏರುತ್ತದೆ. ಅಂದರೆ 100 ಅಡಿ ಮುಂದೆ ಹೋದರೆ ಆರೇಳು ಅಡಿ ಮೇಲೆ. ಕೆಲವು ತಿರುವುಗಳಲ್ಲಿ ಅದಕ್ಕೂ ಹೆಚ್ಚು. ಸೋಮೇಶ್ವರದಿಂದ ಆಗುಂಬೆಗೆ ಏರುವ ಹದಿನಾಲ್ಕು ತಿರುವುಗಳ ಘಾಟಿಯನ್ನು ಬಲ್ಲ ನಮ್ಮ ಕರಾವಳಿಯವರಿಗೆ ಇದರ ಅಂದಾಜು ಆದೀತು.

ಇದನ್ನು ಏರಬಯಸುವವನು ಉಸಿರಿನ ಲೆಕ್ಕ ಹಿಡಿಯಬೇಕು. ಪಕ್ಕದವನೊಡನೆ ಒಂದು ವಾಕ್ಯ ಆಡಬಲ್ಲಷ್ಟು ಉಸಿರಿದ್ದರೆ ವೇಗ ಸರಿ. ಆಡಲಾಗದಿದ್ದರೆ ಗೇರನ್ನು ಇನ್ನೂ ಇಳಿಸಬೇಕು. ಇಳಿಯುವಾಗ ಬ್ರೇಕನ್ನು ಒಂದೇ ಸಮನೆ ಒತ್ತಿ ಹಿಡಿಯದೆ, ಹಿಡಿದು ಬಿಟ್ಟು ಹಿಡಿದು ಬಿಟ್ಟು ಇಳಿಯಬೇಕು. ನಡುವೆ ಎರಡು ಮೂರು ಸಲ ನಿಂತು ಕಾದ ರಿಮ್ಮನ್ನು ಆರಗೊಡಬೇಕು. ಕಡ್ಡಿಯ ಬ್ರೇಕಿನ ಹಳೆಯ ಸೈಕಲ್ಲುಗಳನ್ನು ಈ ಘಾಟಿಗೆ ಒಯ್ಯಕೂಡದು. ಆತಕರವಾಡಿಯಿಂದ ಮೇಲೇರುವ ಕಾಲುದಾರಿ ನಡೆಯುವವರದು, ಸೈಕಲ್ಲಿನದಲ್ಲ. ಕೋಟೆಯ ಮೇಲೆ ಪಿಠಲಾ, ಭಾಕರಿ, ಮಣ್ಣಿನ ಕುಡಿಕೆಯ ಮೊಸರು ಸಿಕ್ಕುತ್ತವೆ. ವಾರವೆಲ್ಲ ಪರರಿಗೆ ಬಡಿಸಿದವನು ಒಂದು ದಿನ ಕುಳಿತು ಬಡಿಸಿಕೊಳ್ಳುವ ಸುಖವೂ ಅಲ್ಲಿದೆ.

ಆದಿತ್ಯವಾರ ಸಿಂಹಗಡದಲ್ಲಿ ಮೋಟಾರುಗಳ ಜಾತ್ರೆ ನೆರೆಯುತ್ತದೆ. ಹೊಟೇಲಿನವನ ರಜೆ ಬುಧವಾರವೋ ಗುರುವಾರವೋ ಬೀಳುವುದರಿಂದ ಘಾಟಿ ಅವನಿಗೆ ಎಷ್ಟೋ ತೆರವಾಗಿರುತ್ತದೆ. ಆದಿತ್ಯವಾರದ ರಜೆಯ ಗುಮಾಸ್ತರು ಕತ್ತಲಿರುವಾಗಲೇ ಹೊರಟು, ಬಿಸಿಲೇರುವ ಮೊದಲು ಇಳಿದುಬರಬೇಕು.

ಮಳೆ, ಮಣ್ಣು, ಮರ್ಯಾದೆ

ಜೂನಿನಿಂದ ಸೆಪ್ಟೆಂಬರಿನವರೆಗೆ ಮಣ್ಣುದಾರಿಗಳಿಗೆ ರಜೆ ಕೊಡುವುದು ಲೇಸು. ಕರಿಯ ಮಣ್ಣು ಒದ್ದೆಯಾದರೆ ಚಕ್ರಕ್ಕೆ ಮೆತ್ತಿ ಸೈಕಲ್ಲು ಅಲುಗದು. ಕರಿಗಲ್ಲಿನ ಮೇಲೆ ಪಾಚಿ ಕಟ್ಟಿ ಕಾಲೂರುವುದೂ ಕಷ್ಟ. ಘಾಟಿಗಳಲ್ಲಿ ಬಂಡೆ ಉರುಳುವ ಭಯವುಂಟು. ಸಿಂಹಗಡದ ರಸ್ತೆ ತೆರೆದಿದೆಯೇ ಎಂದು ವಿಚಾರಿಸಿಯೇ ಹೊರಡಬೇಕು. ಅಕ್ಟೋಬರಿನಿಂದ ಫೆಬ್ರವರಿಯವರೆಗಿನ ಕಾಲವೇ ಉತ್ತಮ. ಬೇಸಿಗೆಯಲ್ಲಿ ಇಬ್ಬರಿಗೆ ನಾಲ್ಕು ಬಾಟಲಿ ನೀರು ಕಡಿಮೆಯೇ. ಪಂಪು, ಒಂದು ಟ್ಯೂಬು, ಪಂಕ್ಚರಿನ ಸಾಮಾನು, ಕೈಗೆ ಗವಸು, ತಲೆಗೆ ಶಿರಸ್ತ್ರಾಣ, ಇವಿಷ್ಟಿಲ್ಲದೆ ಮೂರನೆಯ ಮೆಟ್ಟಿಲಿಗೆ ಕಾಲಿಡಬಾರದು. ಒಬ್ಬನೇ ಹೋಗಬಾರದು. ಎಲ್ಲಿಗೆ ಹೋಗುತ್ತೇನೆಂಬುದನ್ನು ಕೋಣೆಯಲ್ಲಿರುವವರಿಗೆ ತಿಳಿಸಿ ಹೋಗಬೇಕು.

ಗುಡ್ಡದ ಮೇಲೆ ನಡೆಯುವವರಿಗೆ ಮೊದಲ ಹಕ್ಕು. ಗಂಟೆ ಬಾರಿಸಿ, ನಿಧಾನಿಸಿ, ನಿಂತು, ದಾರಿ ಕೊಡಬೇಕು. ಅರಣ್ಯ ಇಲಾಖೆಯ ಫಲಕದಲ್ಲಿ ಸೈಕಲ್ಲಿಗೆ ನಿಷೇಧವೆಂದಿದ್ದರೆ ಹಿಂದಿರುಗಬೇಕು. ಖಡಕವಾಸಲಾದ ಬಳಿಯ ರಕ್ಷಣಾ ಅಕಾಡೆಮಿಯ ಆವರಣದೊಳಕ್ಕೆ ಅನುಮತಿಯಿಲ್ಲದೆ ಹೋಗುವಂತಿಲ್ಲ. ಇನ್ನೊಂದು ಮಾತು: ಅಡ್ಡದಾರಿ ಹಿಡಿದು ಹೊಸ ಜಾಡನ್ನು ಕೆಡವಬಾರದು. ಇಳಿಜಾರಿಗೆ ನೆಟ್ಟಗೆ ಬಿದ್ದ ಜಾಡಿನಲ್ಲಿ ಮಳೆಯ ನೀರು ನುಗ್ಗಿ ಒಂದೆರಡು ವರ್ಷಗಳಲ್ಲಿ ಅದನ್ನು ಹಳ್ಳವನ್ನಾಗಿ ಮಾಡುತ್ತದೆ. ದಾರಿಯ ಏರು ಗುಡ್ಡದ ಏರಿನ ಅರ್ಧಕ್ಕಿಂತ ಕಡಿಮೆಯಿದ್ದು, ಪಕ್ಕೆಯನ್ನು ಬಳಸಿಕೊಂಡು ಹೋದರೆ ನೀರು ಅಡ್ಡವಾಗಿ ಹರಿದುಹೋಗಿ ದಾರಿ ಉಳಿಯುತ್ತದೆಂಬುದು ಇಂತಹ ದಾರಿಗಳನ್ನು ಕಟ್ಟುವವರ ನಿಯಮ. ಮಲೆನಾಡಿನ ನಮ್ಮ ಹಿರಿಯರು ಎತ್ತಿನ ಗಾಡಿಗೆ ದಾರಿ ಕಡಿದುದೂ ಹೀಗೆಯೇ ಅಲ್ಲವೇ?

ವೇತಾಳ ಗುಡ್ಡದ ಪಕ್ಕೆಯಲ್ಲಿ ಬಾಲಭಾರತಿಯಿಂದ ಪೌಡ ಫಾಟೆಗೆ ರಸ್ತೆ ಮಾಡುವ ಯೋಜನೆಯ ವಿರುದ್ಧ 2023ರಲ್ಲಿ ನಾಗರಿಕರು ಮೆರವಣಿಗೆ ನಡೆಸಿದರು. ನಗರದ ವಾಹನದಟ್ಟಣೆಗೆ ಪರಿಹಾರ ಬೇಕೆಂಬುದು ಸತ್ಯ. ಗುಡ್ಡ ಒಮ್ಮೆ ಹೋದರೆ ಮರಳಿ ಬಾರದೆಂಬುದೂ ಸತ್ಯ. ಕ್ಲಬ್ಬಿನ ಚಂದಾ ಕೊಡಲಾರದವನಿಗೆ, ವ್ಯಾಯಾಮಶಾಲೆಯ ಶುಲ್ಕ ತೆರಲಾರದವನಿಗೆ ಈ ಗುಡ್ಡಗಳೇ ಉಪವನ. ಅವುಗಳ ವಿಷಯದಲ್ಲಿ ನಮ್ಮವರೂ ಎರಡು ಮಾತು ಆಡಲು ಬಾಧ್ಯರು.

ಮಾಲೀಕ ಬಂಧುಗಳಿಗೆ

ಕಡೆಯ ಮಾತನ್ನು ಹೊಟೇಲು ಮಾಲೀಕರಿಗೆ ಹೇಳಬೇಕು. ನಾವೂ ಗಲ್ಲಾಪೆಟ್ಟಿಗೆಯ ಹಿಂದೆ ವರ್ಷಗಟ್ಟಲೆ ಕುಳಿತವರು. ಆಳು ಕಡಿಮೆಯಾದ ದಿನ ಎದೆ ಹೇಗೆ ಬಡಿದುಕೊಳ್ಳುತ್ತದೆಂಬುದನ್ನು ಬಲ್ಲೆವು. ಆದರೂ ವಾರಕ್ಕೊಂದು ದಿನದ ರಜೆ ಮಾಲೀಕನ ದಯೆಯಲ್ಲ. 1948ರ ಮುಂಬಯಿ ಅಂಗಡಿ ಮತ್ತು ಸಂಸ್ಥೆಗಳ ಕಾಯಿದೆಯೂ, ಅದರ ಸ್ಥಾನದಲ್ಲಿ ಬಂದ 2017ರ ಮಹಾರಾಷ್ಟ್ರದ ಕಾಯಿದೆಯೂ ತಮಗೆ ಒಳಪಟ್ಟ ಸಂಸ್ಥೆಗಳ ನೌಕರರಿಗೆ ಅದನ್ನು ಹಕ್ಕೆಂದು ಕೊಟ್ಟಿವೆ. ಚಿಕ್ಕ ಖಾನಾವಳಿಗಳು ಆ ಕಾಯಿದೆಯ ಹೊರಗುಳಿದಿದ್ದರೂ ಅಲ್ಲಿಯ ಹುಡುಗನ ಕಾಲು ಕಡಿಮೆ ನೋಯುವುದಿಲ್ಲ. ಅರ್ಧ ದಿನದ ರಜೆಯನ್ನು ಇಡೀ ದಿನದ್ದೆಂದು ಪುಸ್ತಕದಲ್ಲಿ ಬರೆಯುವ ಪದ್ಧತಿ ನಿಲ್ಲಬೇಕು. ಮೆಟ್ಟಿಲ ಕೆಳಗಿನ ಜಾಗದಲ್ಲಿ ಎರಡು ಸೈಕಲ್ಲು ಇಡಲು ಒಪ್ಪಿಗೆ ಕೊಟ್ಟರೆ ಮಾಲೀಕನಿಗೆ ಖರ್ಚೇನೂ ಇಲ್ಲ. ರಜೆಯ ದಿನವನ್ನು ಕೋಣೆಯ ಕತ್ತಲಲ್ಲಿ ಮೊಬೈಲಿನ ಮುಂದೆಯೋ ಇಸ್ಪೀಟಿನ ಮುಂದೆಯೋ ಕಳೆದು ಬಂದವನಿಗಿಂತ, ಗುಡ್ಡದ ಗಾಳಿ ಕುಡಿದು ಬಂದವನು ಮರುದಿನ ಗಿರಾಕಿಯನ್ನು ನಗುಮುಖದಿಂದ ಮಾತಾಡಿಸುತ್ತಾನೆ. ಇದು ವ್ಯಾಪಾರದ ದೃಷ್ಟಿಯಿಂದಲೂ ಲಾಭದ ಮಾತೆಂದು ಅನುಭವದಿಂದ ಹೇಳುತ್ತೇವೆ.

ನೌಕರ ಬಂಧುಗಳಿಗೆ ಇಷ್ಟೇ ಅರಿಕೆ. ಬರುವ ರಜೆಗೆ ಇರುವ ಸೈಕಲ್ಲನ್ನೇ ತೆಗೆದು, ಬ್ರೇಕಿನ ರಬ್ಬರು ಹೊಸದು ಹಾಕಿಸಿ, ಚೈನಿಗೆ ಎಣ್ಣೆ ಬಿಟ್ಟು, ಪಾಷಾಣ ಕೆರೆಯವರೆಗೆ ಹೋಗಿಬನ್ನಿರಿ. ಸಿಂಹಗಡ ಎಲ್ಲಿಗೂ ಓಡಿಹೋಗುವುದಿಲ್ಲ. ಬರುವ ದೀಪಾವಳಿಗೋ ಅದರಾಚೆಯ ಸಂಕ್ರಾಂತಿಗೋ ನೀವೇ ಅಲ್ಲಿಗೆ ಮುಟ್ಟುವಿರಿ. ಮುಟ್ಟಿ, ಕೈಕಾಲು ನೆಟ್ಟಗಿಟ್ಟುಕೊಂಡು ಇಳಿದು, ಮರುದಿನ ಬೆಳಗಿನ ಪಾಳಿಗೆ ಸಕಾಲಕ್ಕೆ ಹಾಜರಾಗಿರೆಂದು ನಮ್ಮ ಹಾರೈಕೆ.